ಮೂರು ಲೀಟರ್ ನೀರು ಕುಡೀಬೇಕು ಸರಿ, ಯಾವ ನೀರು?

ಭಾನುವಾರದ ಪುರವಣಿಯಲ್ಲಿ ಆ ಒಂದು ಪುಟ ಗ್ಯಾರಂಟಿ ಇರುತ್ತೆ. ‘ನಿಮ್ಮನ್ನು ನೀವು ಪ್ರೀತಿಸಿ’ ಅಂತಲೋ ‘ನಿಮಗಾಗಿ ಒಂದಿಷ್ಟು ಹೊತ್ತು’ ಅಂತಲೋ ತಲೆಬರಹ. ಪಕ್ಕದಲ್ಲಿ ಕಣ್ಣಿನ ಮೇಲೆ ಸೌತೆಕಾಯಿ ಬಿಲ್ಲೆ ಇಟ್ಟುಕೊಂಡು ಮಲಗಿರೋ ಹೆಂಗಸಿನ ಫೋಟೋ. ಆಕೆ ನಮ್ಮ ಕಡೆಯವಳಂತೂ ಅಲ್ಲ, ನಮ್ಮ ಕಡೆ ಸೌತೆಕಾಯಿ ಸಿಕ್ಕರೆ ಉಪ್ಪು ಖಾರ ಹಚ್ಚಿ ತಿಂತಾರೆ. ಅದೇ ಸಲಹೆಗಳು ಯೂಟ್ಯೂಬಲ್ಲೂ ಸಿಗುತ್ವೆ, ರೀಲ್ಸಲ್ಲೂ ಸಿಗುತ್ವೆ, ಆಫೀಸಿನ ಮೇಲಲ್ಲೂ ಬಂದು ಬೀಳುತ್ವೆ. ಈಗ ಇದಕ್ಕೆ ‘ಸೆಲ್ಫ್ ಕೇರ್’ ಅಂತ ಹೆಸರು. ಕನ್ನಡದಲ್ಲಿ ಬರೆಯೋರು ‘ಸ್ವ-ಆರೈಕೆ’ ಅಂತಾರೆ. ಆರೈಕೆ ಅನ್ನೋ ಪದ ಎಷ್ಟು ಚೆಂದ ಇತ್ತು! ಬಾಣಂತಿಗೆ, ಕರುವಿಗೆ, ಕಾಯಿಲೆ ಬಿದ್ದೋರಿಗೆ ಯಾರಾದರೂ ಇನ್ನೊಬ್ಬರು ಮಾಡ್ತಿದ್ದದ್ದು ಆರೈಕೆ. ಅದಕ್ಕೂ ಒಂದು ‘ಸ್ವ’ ಅಂಟಿಸಿ, ನಿನ್ನದು ನೀನು ನೋಡ್ಕೋ ಅಂತ ಕೈತೊಳೆದುಕೊಂಡರು.

ನಾನು ಓದಿದ್ದು ಬಿಇ, ಮಾಡೋದು ಕೋಡಿಂಗು. ಲೆಕ್ಕ ಹಾಕದೆ ಇರೋಕೆ ಆಗಲ್ಲ. ಪೋದ ವಾರ ಇಂಥದ್ದೊಂದು ಪುಟ ಮುಂದಿಟ್ಟುಕೊಂಡು ಕೂತೆ. ಧ್ಯಾನ 20 ನಿಮಿಷ. ನಡಿಗೆ ಅಥವಾ ಯೋಗ 45. ಮುಖ, ಕೂದಲಿನ ಕಾಳಜಿಗೆ 15. ಟಿವಿ, ಫೋನು ನೋಡದೆ ಕೂತು ನಿಧಾನವಾಗಿ ತಿಂಡಿ ತಿನ್ನೋದು ಅರ್ಧ ಗಂಟೆ. ಡೈರಿ ಬರೆಯೋದು 10 ನಿಮಿಷ. ‘ನನ್ನ ಸಮಯ’ ಅಂತ ಅರ್ಧ ಗಂಟೆ. ಮಲಗೋ ಮುಂಚೆ ಒಂದು ಗಂಟೆ ಸ್ಕ್ರೀನ್ ಮುಟ್ಟಬಾರದು. ಆಮೇಲೆ 8 ಗಂಟೆ ನಿದ್ದೆ. ಎಲ್ಲಾ ಸೇರಿ ಹನ್ನೊಂದೂವರೆ ಗಂಟೆ. ಇನ್ನು ಪೀಣ್ಯ ಕಡೆ ಮನೆ ಮಾಡಿ ವೈಟ್‌ಫೀಲ್ಡಿಗೆ ಹೋಗಿ ಬರೋ ನನ್ನಂಥವನಿಗೆ ಆಫೀಸು 9 ಗಂಟೆ, ರಸ್ತೆ 3 ಗಂಟೆ, ರಾತ್ರಿ ಅಮೆರಿಕದವರ ಜೊತೆ ಕಾಲ್ ಒಂದೂವರೆ ಗಂಟೆ. ಒಟ್ಟು 25. ಇನ್ನೂ ಸ್ನಾನ ಆಗಿಲ್ಲ, ಅಡುಗೆ ಆಗಿಲ್ಲ, ಮಗಳನ್ನ ಸ್ಕೂಲ್ ವ್ಯಾನು ಹತ್ತಿಸಿಲ್ಲ.

ಇದು ಗಂಡಸಿನ ಲೆಕ್ಕ. 2019ರಲ್ಲಿ ಕೇಂದ್ರ ಸರ್ಕಾರವೇ ಜನ ದಿನದ ಹೊತ್ತನ್ನ ಹೇಗೆ ಕಳೀತಾರೆ ಅಂತ ಸಮೀಕ್ಷೆ ಮಾಡಿಸಿತ್ತು. ಮನೆಗೆಲಸ ಮಾಡೋ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಾರೆ, ಮನೆಗೆಲಸ ಮಾಡ್ತೀನಿ ಅನ್ನೋ ಗಂಡಸರು 97 ನಿಮಿಷ. ಪುರವಣಿಯ ಪುಟದಲ್ಲಿರೋ ಸಲಹೆ ಮುಕ್ಕಾಲು ಪಾಲು ಹೆಂಗಸರಿಗೇ. ಐದು ಗಂಟೆ ಚಾಕರಿ ಮಾಡಿದೋಳಿಗೆ, ನೀನು ನಿನಗೋಸ್ಕರ ಟೈಮ್ ಕೊಟ್ಕೊಳ್ಳಲ್ಲ ಅಂತ ಮತ್ತೆ ಬೈಗುಳ. ಲೆಕ್ಕ ಕೂಡದಿದ್ದರೆ ತಪ್ಪು ಯಾರದ್ದು? ಶಿಸ್ತಿಲ್ಲದ ನಿಮ್ಮದು. ನನ್ನ ಜಗಳ ಇರೋದು ಇಲ್ಲೇ. ಮುಖಕ್ಕೆ ಕಡಲೆಹಿಟ್ಟು ಹಚ್ಚೋರ ಮೇಲೆ ನನಗೇನೂ ಸಿಟ್ಟಿಲ್ಲ.

ಆ ಪಟ್ಟಿಯಲ್ಲಿ ಯಾರೂ ತಕರಾರು ಮಾಡದ ಸಲಹೆ ಒಂದಿದೆ. ದಿನಕ್ಕೆ ಮೂರು ಲೀಟರ್ ನೀರು ಕುಡೀರಿ, ಬೆಳಗ್ಗೆ ಎದ್ದು ಬಿಸಿನೀರು ಕುಡೀರಿ, ಚರ್ಮ ಹೊಳೆಯುತ್ತೆ, ಕೀಲು ಸಡಿಲವಾಗುತ್ತೆ, ಮನಸ್ಸು ಹಗುರಾಗುತ್ತೆ. ಇದಕ್ಕಿಂತ ಸಾಧು ಸಲಹೆ ಉಂಟಾ? ನಾನು ಪಾವಗಡ ತಾಲ್ಲೂಕಿನವನು, ಆದ್ದರಿಂದ ಈ ಸಲಹೆಯ ಬಗ್ಗೆಯೇ ಸ್ವಲ್ಪ ವಿವರವಾಗಿ ಮಾತಾಡೋ ಹಕ್ಕು ನನಗಿದೆ.

ನಮ್ಮ ತಾಲ್ಲೂಕು ಗೊತ್ತಿಲ್ಲದೋರಿಗೆ: ತುಮಕೂರು ಜಿಲ್ಲೆಯದ್ದೇ, ಆದರೆ ಸುತ್ತ ಆಂಧ್ರ. ಮಳೆ ಇಲ್ಲ, ನದಿ ಇಲ್ಲ, ಕಡಲೆಕಾಯಿ ಬೆಳೆದರೆ ಬೆಳೆದ ಹಾಗೆ. ಈಚೆಗೆ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಬಂದ ಮೇಲೆ ಹೆಸರು ಪೇಪರಿನಲ್ಲಿ ಬರೋಕೆ ಶುರುವಾಗಿದೆ. ಅದಕ್ಕಿಂತ ಮುಂಚೆ ನಮ್ಮ ಹೆಸರು ಬರ್ತಿದ್ದದ್ದು ಎರಡೇ ಕಾರಣಕ್ಕೆ, ಒಂದು ಬರ, ಇನ್ನೊಂದು ಫ್ಲೋರೈಡ್. ಬೋರ್‌ವೆಲ್ಲು ಆಳಕ್ಕೆ ಹೋದಹಾಗೆ ಬಂಡೆಯಲ್ಲಿರೋ ಫ್ಲೋರೈಡ್ ನೀರಿಗೆ ಇಳಿಯುತ್ತೆ. ಕುಡಿಯೋ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲ ಅಂದ್ರೆ 1.5ರವರೆಗೆ ಸಹಿಸ್ಕೋಬಹುದು ಅನ್ನೋದು ಭಾರತೀಯ ಮಾನಕ. ನಮ್ಮ ಕಡೆಯ ಎಷ್ಟೋ ಬೋರ್‌ವೆಲ್ಲಿನ ನೀರು ಈ ಗೆರೆಯನ್ನ ಯಾವಾಗಲೋ ದಾಟಿದೆ. ಅದೇ ಫ್ಲೋರೈಡ್ ಸ್ವಲ್ಪ ಇದ್ದರೆ ಹಲ್ಲಿಗೆ ಒಳ್ಳೆಯದು, ಟೂತ್‌ಪೇಸ್ಟಿಗೆ ಹಾಕೋದೂ ಅದಕ್ಕೇ. ಜಾಸ್ತಿ ಆದ್ರೆ ಅದೇ ಹಲ್ಲನ್ನ ತಿನ್ನುತ್ತೆ, ಆಮೇಲೆ ಮೂಳೆಯನ್ನ.

ಮಗುವಿನ ಒಸಡಿನೊಳಗೆ ಹೊಸ ಹಲ್ಲು ತಯಾರಾಗ್ತಾ ಇರೋ ವಯಸ್ಸಿದೆಯಲ್ಲ, ಹುಟ್ಟಿದಾಗಿನಿಂದ ಸುಮಾರು ಎಂಟು ವರ್ಷದವರೆಗೆ, ಆಗಲೇ ಈ ಕೆಲಸ ನಡೆದುಹೋಗುತ್ತೆ. ಹಲ್ಲು ಹೊರಗೆ ಬರೋವಾಗಲೇ ಸುಣ್ಣದ ಗೆರೆ, ಆಮೇಲೆ ಹಳದಿ, ಆಮೇಲೆ ಕಂದು ಪಟ್ಟಿ. ಅದು ಮೇಲೆ ಕೂತ ಕೊಳೆಯಲ್ಲ, ಹಲ್ಲಿನ ಹೊರಪದರವೇ ಹಾಗೆ ಕಟ್ಟಿಕೊಂಡಿರೋದು. ಇದ್ದಿಲಿಂದ ತಿಕ್ಕಿ, ಬೇವಿನ ಕಡ್ಡಿಯಿಂದ ತಿಕ್ಕಿ, ಮಲ್ಲಿಗೆ ಮೊಗ್ಗಿನಂಥ ಹಲ್ಲು ಕೊಡ್ತೀವಿ ಅನ್ನೋ ಪೇಸ್ಟಲ್ಲಿ ತಿಕ್ಕಿ, ಹೋಗಲ್ಲ. ದಂತವೈದ್ಯರ ಹತ್ತಿರ ಮುಚ್ಚಿಸಬಹುದು, ಒಂದೊಂದು ಹಲ್ಲಿಗೆ ಸಾವಿರಗಟ್ಟಲೆ.

ನಮ್ಮ ಹೈಸ್ಕೂಲಿನ ಎಸ್ಸೆಸ್ಸೆಲ್ಸಿ ಗ್ರೂಪ್ ಫೋಟೋ ನನ್ನ ಹತ್ತಿರ ಈಗಲೂ ಇದೆ. ಎಲ್ಲರೂ ತುಟಿ ಬಿಗಿ ಹಿಡಿದು ನಿಂತಿದ್ದೀವಿ. ಎಷ್ಟು ಶಿಸ್ತಿನ ಮಕ್ಕಳು ಅಂತ ನನ್ನ ಹೆಂಡತಿ ಅಂದಳು. ಅವಳು ಶಿವಮೊಗ್ಗ ಕಡೆಯವಳು, ಪಾಪ. ಶಿಸ್ತಲ್ಲ ಅದು. ಹೆಣ್ಣುಮಕ್ಕಳಂತೂ ನಗು ಬಂದರೆ ಸೆರಗನ್ನೋ ಅಂಗೈಯನ್ನೋ ಬಾಯಿಗೆ ಅಡ್ಡ ಹಿಡಿಯೋದು ಅಭ್ಯಾಸವಾಗಿ ಹೋಗಿತ್ತು. ಹೊರಗಿನೋರು ಅದನ್ನ ನಾಚಿಕೆ ಅಂದ್ಕೊಳ್ತಿದ್ರು. ಗಂಡು ನೋಡೋಕೆ ಬಂದಾಗ ಹುಡುಗಿ ನಗದೇ ಇದ್ರೆ ಗಂಭೀರ ಸ್ವಭಾವ, ನಕ್ಕರೆ ‘ಹಲ್ಲು ಸರಿಯಿಲ್ಲ’.

ನಾನು ಫೈನಲ್ ಇಯರ್ ಇದ್ದಾಗ ಕ್ಯಾಂಪಸ್ ಇಂಟರ್‌ವ್ಯೂಗೆ ಮುಂಚೆ ಎರಡು ದಿನ ಗ್ರೂಮಿಂಗ್ ಟ್ರೈನಿಂಗ್ ಅಂತ ಇಟ್ಟಿದ್ರು. ಟೈ ಕಟ್ಟೋದು, ಕೈ ಕುಲುಕೋದು, ಇಂಗ್ಲಿಷಲ್ಲಿ ‘ನನ್ನ ಬಗ್ಗೆ ಹೇಳ್ತೀನಿ’ ಅನ್ನೋದು. ನನ್ನ ಸರದಿ ಬಂದಾಗ ಟ್ರೈನರ್ ಮೇಡಂ ನನ್ನ ಮುಖವನ್ನ ಒಂದು ಗಳಿಗೆ ನೋಡಿ, ತುಂಬಾ ಮೆತ್ತಗೆ, ಎಲ್ಲರೆದುರೇ ಹೇಳಿದ್ರು: ದಿನಕ್ಕೆ ಎರಡು ಸಲ ಬ್ರಶ್ ಮಾಡೋದು ಒಳ್ಳೇ ಅಭ್ಯಾಸ ಕಣಪ್ಪಾ, ನಮ್ಮ ಬಗ್ಗೆ ನಮಗೆ ಕಾಳಜಿ ಇದೆ ಅಂತ ಎದುರಿಗಿರೋರಿಗೆ ಗೊತ್ತಾಗುತ್ತೆ. ಕೆಟ್ಟ ಹೆಂಗಸೇನಲ್ಲ. ಆಕೆ ಓದಿದ ಪುಸ್ತಕದಲ್ಲಿ ಕಂದು ಹಲ್ಲು ಅಂದ್ರೆ ತಿಕ್ಕದ ಹಲ್ಲು, ಅಷ್ಟೇ. ಸರ್ಕಾರ ಕೊಡಬೇಕಾಗಿದ್ದ ನೀರನ್ನ ಕೊಡದೇ ಇದ್ದದ್ದು ನನ್ನ ಬಾಯಲ್ಲಿ ಬರೆದಿತ್ತು, ಆಕೆ ಅದನ್ನ ನನ್ನ ಸೋಮಾರಿತನ ಅಂತ ಓದಿದ್ರು. ಈ ಇಡೀ ಸೆಲ್ಫ್ ಕೇರ್ ಸಾಹಿತ್ಯ ಮಾಡೋದು ಇಷ್ಟೇ ಕೆಲಸ.

ಹಲ್ಲಿಗೇ ನಿಂತಿದ್ದರೆ ನಗದೆ ಬದುಕಬಹುದಿತ್ತು. ವರ್ಷಗಟ್ಟಲೆ ಕುಡಿದರೆ ಫ್ಲೋರೈಡ್ ಮೂಳೆ, ಕೀಲಿಗೆ ಕೂರುತ್ತೆ. ನಮ್ಮೂರಲ್ಲಿ ಕತ್ತು ತಿರುಗಿಸಬೇಕು ಅಂದ್ರೆ ಇಡೀ ಮೈ ತಿರುಗಿಸೋ ಅಜ್ಜಂದಿರಿದ್ದಾರೆ. ಕುಕ್ಕರಗಾಲಲ್ಲಿ ಕೂರೋಕೆ ಆಗದೆ ಬಯಲಿಗೆ ಹೋಗೋದೇ ಒಂದು ಶಿಕ್ಷೆಯಾದ ಅಜ್ಜಿಯರಿದ್ದಾರೆ. ಅವರಿಗೆಲ್ಲ ಸೂರ್ಯ ನಮಸ್ಕಾರ ಹೇಳಿಕೊಡಲಾ? ಇನ್ನು ಬೆಳಗ್ಗೆ ಎದ್ದು ಕಾಯಿಸಿದ ನೀರು ಕುಡಿಯೋ ಸಲಹೆ. ಕಾಯಿಸಿದರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಸಾಯೋಕೆ ಅದಕ್ಕೆ ಜೀವ ಇಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಗಟ್ಟಿಯಾಗುತ್ತೆ. ಆರೋಗ್ಯದ ಪುಟ ಓದಿಕೊಂಡು ನಿಷ್ಠೆಯಿಂದ ಮೂರು ಲೀಟರ್ ಕಾದ ಬೋರ್‌ವೆಲ್ ನೀರು ಕುಡಿದವನು, ಓದದೆ ಒಂದೂವರೆ ಲೀಟರ್ ಕುಡಿದವನಿಗಿಂತ ಎರಡರಷ್ಟು ವಿಷ ಕುಡಿದಿರ್ತಾನೆ. ಮೈಯಲ್ಲಿ ಕ್ಯಾಲ್ಸಿಯಂ ಕಮ್ಮಿ ಇದ್ದೋರಿಗೆ ಇದರ ಏಟು ಇನ್ನೂ ಜಾಸ್ತಿ. ಹಾಲು ಕುಡೀರಿ ಅಂತೀರ. ಹಾಲು ಕರೆದ ಕ್ಯಾನು ಸೀದಾ ಡೈರಿಗೆ ಹೋಗುತ್ತೆ ಸ್ವಾಮಿ, ಅದೇ ಮನೆ ಸಂಬಳ.

ಕೇಂದ್ರ ಸರ್ಕಾರ ಫ್ಲೋರೋಸಿಸ್ ತಡೆಗೆ ಅಂತಲೇ 2008-09ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ಆಮೇಲೆ ಊರೂರಿಗೆ ಶುದ್ಧ ನೀರಿನ ಘಟಕ ಬಂತು, ಐದು ರೂಪಾಯಿ ಕಾಯಿನ್ ಹಾಕಿದ್ರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತೆ. ಒಳ್ಳೇದೇ ಆಯ್ತು. ಆದರೆ ಫಿಲ್ಟರ್ ನೀರು ಕುಡಿಯೋಕೆ ಮಾತ್ರ. ಮುದ್ದೆ ತಿರುವೋಕೆ, ಸಾರಿಗೆ, ಅನ್ನಕ್ಕೆ ಅದೇ ನಲ್ಲಿ ನೀರು. ಎಲ್ಲದಕ್ಕೂ ಕ್ಯಾನು ಹೊರೋಕೆ ಸೊಂಟ ಯಾರದ್ದು? ಒಂದು ಕ್ಯಾನಿಗೆ ಇಪ್ಪತ್ತು ಕೆಜಿ ಅನ್ನೋದು ಜಿಮ್ಮಿಗೆ ದುಡ್ಡು ಕಟ್ಟೋರಿಗೆ ಅರ್ಥವಾಗಬೇಕು.

ಅದೇ ಮೂರು ಲೀಟರನ್ನ ಬೆಂಗಳೂರಿನ ಗಾರ್ಮೆಂಟ್ಸಿಗೆ ತಗೊಂಡು ಬನ್ನಿ. ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳು ಅಲ್ಲಿ ಟೈಲರ್‌ಗಳು. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ಬಾತ್‌ರೂಮಿಗೆ ಎದ್ದರೆ ಲೈನಲ್ಲಿ ಪೀಸ್ ರಾಶಿ ಬೀಳುತ್ತೆ, ಸೂಪರ್‌ವೈಸರ್ ಕೂಗ್ತಾನೆ. ಅದಕ್ಕೆ ಅವರು ಕಂಡುಕೊಂಡ ಉಪಾಯ ನೀರೇ ಕುಡಿಯದೆ ಇರೋದು. ಮೂತ್ರದ ಸೋಂಕು, ಉರಿ, ಸೊಂಟನೋವು. ಅವರ ಮುಂದೆ ಹೋಗಿ ನೀರು ಕುಡಿದರೆ ಮುಖಕ್ಕೆ ಕಳೆ ಬರುತ್ತೆ ಕಣಮ್ಮಾ ಅನ್ನೋ ಧೈರ್ಯ ನನಗಂತೂ ಇಲ್ಲ. 2016ರ ಏಪ್ರಿಲ್‌ನಲ್ಲಿ ಇದೇ ಹೆಣ್ಣುಮಕ್ಕಳು ಪಿಎಫ್ ದುಡ್ಡು ತೆಗೆಯೋ ನಿಯಮ ಬದಲಾಯಿಸಿದ್ದಕ್ಕೆ ಸಾವಿರಾರು ಜನ ಬೀದಿಗಿಳಿದು ಹೊಸೂರು ರಸ್ತೆ, ತುಮಕೂರು ರಸ್ತೆ ನಿಲ್ಲಿಸಿದ್ರು. ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ನನ್ನ ಪ್ರಕಾರ ಈ ನಗರ ಈಚೆಗೆ ಕಂಡ ದೊಡ್ಡ ಸೆಲ್ಫ್ ಕೇರ್ ಅಂದ್ರೆ ಅದೇ. ಯಾವ ಪುರವಣಿಯೂ ಹಾಗೆ ಬರೀಲಿಲ್ಲ ಅನ್ನಿ.

ಈಗ ಇನ್ನೊಂದು ಗುಂಪು ಮೀಸೆ ತಿರುವಿಕೊಂಡು ಎದ್ದು ನಿಲ್ಲುತ್ತೆ. ‘ಇದೆಲ್ಲ ಪಾಶ್ಚಾತ್ಯರದ್ದು ಸಾರ್, ನಮ್ಮ ಅಜ್ಜಿ ಕಾಲದಲ್ಲಿ ಎಣ್ಣೆ ನೀರು, ಸೀಗೆಪುಡಿ, ರಾಗಿ ಮುದ್ದೆ, ಎಷ್ಟು ಗಟ್ಟಿಮುಟ್ಟಾಗಿದ್ರು.’ ವಾಟ್ಸಾಪಲ್ಲಿ ದಿನಾ ಬೆಳಗ್ಗೆ ಬರುತ್ತೆ, ಹಿಂದೆ ಒಂದು ಕೊಳಲಿನ ಸಂಗೀತ. ನನಗೆ ಸೆಲ್ಫ್ ಕೇರ್ ಕಂಪನಿಗಳಿಗಿಂತ ಇವರ ಮೇಲೆ ಸಿಟ್ಟು ಜಾಸ್ತಿ, ಯಾಕಂದ್ರೆ ಇವರೂ ನಮ್ಮೂರಿನವರೇ, ಗೊತ್ತಿದ್ದೂ ಸುಳ್ಳು ಹೇಳ್ತಾರೆ. ನಮ್ಮಜ್ಜಿಗೆ ತಲೆಗೆ ಹರಳೆಣ್ಣೆ ಒತ್ತಿ ಹಂಡೆ ಬಿಸಿನೀರು ಹುಯ್ಯೋ ಯೋಗ ಬರ್ತಿದ್ದದ್ದು ಯುಗಾದಿಗೊಂದು ಸಲ, ದೀಪಾವಳಿಗೊಂದು ಸಲ, ಅದು ಬಿಟ್ರೆ ಬಾಣಂತನದಲ್ಲಿ. ಬಾಣಂತನವೂ ಮೂರನೇ ಹೆರಿಗೆಯಿಂದಾಚೆ ಹತ್ತೇ ದಿನ. ಹಂಡೆ ತುಂಬಿಸೋಕೆ ಬಾವಿಯಿಂದ ಬಿಂದಿಗೆ ಹೊತ್ತದ್ದು ಆಕೆಯೇ, ಸೌದೆ ತಂದದ್ದೂ ಆಕೆಯೇ, ಎಲ್ಲರ ಸ್ನಾನ ಮುಗಿದ ಮೇಲೆ ಮಿಕ್ಕ ಉಗುರುಬೆಚ್ಚಗಿನ ನೀರು ಆಕೆಗೆ. ಊಟವೂ ಹಾಗೆಯೇ, ಎಲ್ಲರದ್ದೂ ಆದ ಮೇಲೆ. ಒಲೆಯ ಹೊಗೆಗೆ ಕಣ್ಣು ಮಂಜಾಗಿತ್ತು, ಹಸಿವು ಮರೆಯೋಕೆ ಕಡ್ಡಿಪುಡಿ ಹಾಕಿ ಹಾಕಿ ಒಸಡು ಹೋಗಿತ್ತು. ಐವತ್ತಕ್ಕೆ ಮುದುಕಿ. ಗಟ್ಟಿಮುಟ್ಟಾಗಿದ್ದೋರು ಮಾತ್ರ ಉಳಿದುಕೊಂಡ್ರು, ಅವರನ್ನ ನೋಡಿ ನೀವು ವಿಡಿಯೋ ಮಾಡ್ತೀರ. ಉಳಿಯದೇ ಇದ್ದೋರ ವಿಡಿಯೋ ಇಲ್ಲ.

ಎಲ್ಲರೂ ಉಂಡ ಮೇಲೆ ಉಣ್ಣೋ ಪದ್ಧತಿ ಎಲ್ಲಿಗೂ ಹೋಗಿಲ್ಲ ಕೂಡ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ. ಕರ್ನಾಟಕದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು. ಮುಖದಲ್ಲಿ ಕಳೆ ಇಲ್ಲ, ಕೂದಲು ಉದುರುತ್ತೆ, ಸುಸ್ತು, ಮನಸ್ಸಿಗೆ ಬೇಜಾರು: ಬ್ಯೂಟಿ ಪುಟಕ್ಕೆ ಪತ್ರ ಬರೆಯೋ ಹೆಂಗಸರ ದೂರುಗಳನ್ನ ಒಂದು ಸಲ ಓದಿ ನೋಡಿ. ಅರ್ಧದಷ್ಟು ಪತ್ರಗಳಿಗೆ ‘ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಬ್ಬಿಣದ ಮಾತ್ರೆ ಪುಕ್ಕಟೆ ಕೊಡ್ತಾರೆ’ ಅನ್ನೋದೇ ಸರಿಯಾದ ಉತ್ತರ ಇರಬೇಕು. ಬರೋ ಉತ್ತರ ಮಾತ್ರ ಈರುಳ್ಳಿ ರಸ.

ಬಣ್ಣದ ವ್ಯಾಪಾರದ ಬಗ್ಗೆ ಜಾಸ್ತಿ ಹೇಳೋದಿಲ್ಲ, ಎಲ್ಲರಿಗೂ ಗೊತ್ತಿರೋದೇ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯ್ತು. ಟ್ಯೂಬಿನ ಮೇಲಿನ ಹೆಸರು ಬದಲಾಯಿಸೋಕೆ 45 ವರ್ಷ. ನಮ್ಮೂರ ಬಸ್‌ಸ್ಟ್ಯಾಂಡ್ ಅಂಗಡಿಯಲ್ಲಿ ಇವತ್ತಿಗೂ ಹಳೇ ಹೆಸರಲ್ಲೇ ಕೇಳ್ತಾರೆ, ಕೊಡ್ತಾರೆ. ಅದಕ್ಕಿಂತ ಅಪಾಯದ್ದು ಮೆಡಿಕಲ್ ಸ್ಟೋರಿನಲ್ಲಿ ಸಿಗೋ ಸ್ಟಿರಾಯ್ಡ್ ಕ್ರೀಮುಗಳು. ಇಸಬು, ತುರಿಕೆಗೆ ಅಂತ ವೈದ್ಯರು ಕೆಲವು ದಿನಕ್ಕೆ ಕೊಡೋ ಮುಲಾಮನ್ನ ಬೆಳ್ಳಗಾಗೋಕೆ ಅಂತ ತಿಂಗಳುಗಟ್ಟಲೆ ಮುಖಕ್ಕೆ ಹಚ್ತಾರೆ. ಹಚ್ಚಿದ ಹೊಸದರಲ್ಲಿ ಮುಖ ತಿಳಿಯಾಗುತ್ತೆ, ಆಮೇಲೆ ಚರ್ಮ ತೆಳುವಾಗಿ ಕೆಂಪಗೆ ಉರಿಯುತ್ತೆ, ಮೊಡವೆ ಏಳುತ್ತೆ, ಬಿಟ್ರೆ ಇನ್ನೂ ಜಾಸ್ತಿ, ಮತ್ತೆ ಹಚ್ಚಲೇಬೇಕು. ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲಿ ನಿಯಮ ಬಿಗಿ ಮಾಡಿದ್ರು. ನೀವೇ ಹೋಗಿ ಕೇಳಿ ನೋಡಿ, ಚೀಟಿ ಕೇಳ್ತಾರಾ ಅಂತ. ‘ಕಪ್ಪಗಾಗಿಬಿಟ್ಯಲ್ಲೇ’ ಅಂತ ಹೆತ್ತಮ್ಮನೇ ಅಂದ ಮೇಲೆ ಹುಡುಗಿ ಏನು ಮಾಡ್ತಾಳೆ? ಆ ಮಾತು ಕೇಳಿ ನೊಂದ ಮನಸ್ಸಿಗೆ ಮತ್ತೆ ‘ಭಾವನಾತ್ಮಕ ಸ್ವಾಸ್ಥ್ಯಕ್ಕೆ ಏಳು ಸೂತ್ರ’ ಅಂತ ಅದೇ ಪುಟದ ಕೆಳಗಡೆ ಇನ್ನೊಂದು ಲೇಖನ. ಮೇಲ್ಗಡೆ ಕ್ರೀಮಿನ ಜಾಹೀರಾತು.

ಇನ್ನು ನಮ್ಮ ಐಟಿಯವರ ಕಥೆ. ನಾವು ಬಡವರೇನಲ್ಲ, ಅಳೋಕೆ ಕೂತಿಲ್ಲ. ಆದರೆ ನಮ್ಮಲ್ಲಿ ಈ ನಾಟಕ ನಡೆಯೋ ರೀತಿ ಮಜವಾಗಿದೆ. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ವೆಲ್‌ನೆಸ್ ವಾರ ಅಂತ ಆಚರಣೆ. ಉಸಿರಾಟದ ವ್ಯಾಯಾಮದ ಸೆಷನ್ನನ್ನ ಊಟದ ಹೊತ್ತಿಗೆ ಇಟ್ಟಿದ್ರು, ಕೆಲಸದ ಟೈಮು ಹಾಳಾಗಬಾರದಲ್ಲ. ನಾಲ್ಕು ಎಣಿಸ್ತಾ ಉಸಿರು ತಗೊಳ್ಳಿ, ನಾಲ್ಕು ಎಣಿಸ್ತಾ ಹಿಡ್ಕೊಳ್ಳಿ. ಹಿಡ್ಕೊಂಡಿರೋವಾಗಲೇ ಮ್ಯಾನೇಜರ್ ಮೆಸೇಜು, ರಾತ್ರಿ ರಿಲೀಸಿಗೆ ಎಲ್ಲರೂ ಇರಬೇಕು ಅಂತ. ‘ಸಾಕಷ್ಟು ನಿದ್ದೆ ಮಾಡಿ’ ಅನ್ನೋ ಮೇಲ್ ಬಂದದ್ದು ರಾತ್ರಿ ಹನ್ನೊಂದು ನಲವತ್ತಕ್ಕೆ. ಆ ಹೊತ್ತಿಗೆ ಅದನ್ನ ಓದೋಕೆ ನಾವೆಲ್ಲ ಎದ್ದೇ ಇರ್ತೀವಿ ಅಂತ ಕಳಿಸಿದೋರಿಗೂ ಗೊತ್ತಿತ್ತು.

ಕಾನೂನು ಏನು ಹೇಳುತ್ತೆ ನೋಡಿ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಓವರ್‌ಟೈಮ್ ಸೇರಿಸಿದರೂ ದಿನಕ್ಕೆ 10 ದಾಟಬಾರದು. 2024ರ ಜುಲೈನಲ್ಲಿ ಇದನ್ನ ಬದಲಾಯಿಸಿ ಐಟಿಯವರಿಗೆ ದಿನಕ್ಕೆ 12 ಗಂಟೆಗಿಂತ ಜಾಸ್ತಿ, ಅಂದ್ರೆ 14 ಗಂಟೆವರೆಗೂ ಕೆಲಸ ಮಾಡಿಸೋ ಪ್ರಸ್ತಾಪ ನಮ್ಮ ರಾಜ್ಯ ಸರ್ಕಾರದ ಮುಂದೆ ಬಂತು. ಐಟಿ ನೌಕರರ ಸಂಘ ಕಿಟು ಬೀದಿಗಿಳಿದು ವಿರೋಧಿಸಿತು. ನನ್ನ ಟೀಮಿನ ಹದಿನಾಲ್ಕು ಜನರಲ್ಲಿ ಆ ಸಂಘದ ಹೆಸರು ಕೇಳಿದ್ದೋರು ಇಬ್ಬರು, ಧ್ಯಾನದ ಆ್ಯಪಿಗೆ ವರ್ಷದ ಚಂದಾ ಕಟ್ಟಿದ್ದೋರು ಒಂಬತ್ತು. 2023ರಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡೀಬೇಕು ಅಂದ್ರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರ 90 ಗಂಟೆಯ ಮಾತು ಹೊರಬಿತ್ತು, ಭಾನುವಾರ ಕೆಲಸ ಮಾಡಿಸೋಕೆ ಆಗ್ತಿಲ್ಲ ಅಂತ ಅವರಿಗೆ ಬೇಜಾರಂತೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿದ್ದೇನು? ವಾರಕ್ಕೆ 35ರಿಂದ 40 ಗಂಟೆ ದುಡಿಯೋರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯೋರಿಗೆ ಪಾರ್ಶ್ವವಾಯು ಹೊಡೆಯೋ ಅಪಾಯ 35 ಪರ್ಸೆಂಟ್ ಜಾಸ್ತಿ, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯೋ ಅಪಾಯ 17 ಪರ್ಸೆಂಟ್ ಜಾಸ್ತಿ. 2016ರ ಒಂದೇ ವರ್ಷ ಜಗತ್ತಿನಲ್ಲಿ ಹೀಗೆ ಸತ್ತವರು ಸುಮಾರು 7 ಲಕ್ಷದ 45 ಸಾವಿರ. ಈ ಅಪಾಯಕ್ಕೆ ಗ್ರೀನ್ ಟೀ ಮದ್ದಲ್ಲ. ಮದ್ದು ಅಂದ್ರೆ ಗಂಟೆ ಕಮ್ಮಿ ಮಾಡೋದು. ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ, ಕೆಲಸದ ಹೊತ್ತು ಮುಗಿದ ಮೇಲೆ ಆಫೀಸಿನ ಕರೆಗೆ ಓಗೊಡದೆ ಇರೋ ಹಕ್ಕಿಗೆ ಕಾನೂನಿನ ಬಲ ಇದೆ. ಅಲ್ಲಿಯ ಕ್ಲೈಂಟುಗಳ ನಿದ್ದೆಯನ್ನ ಇಲ್ಲಿ ಎದ್ದು ಕಾಯೋರು ನಾವು.

‘ಸೆಲ್ಫ್ ಕೇರ್’ ಅನ್ನೋ ಮಾತಿಗೆ ಮರ್ಯಾದೆಯ ಕಾಲವೂ ಒಂದಿತ್ತು. ಅಮೆರಿಕದ ಕಪ್ಪು ಜನರ ಚಳವಳಿ, ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು, 1969ರಲ್ಲಿ ಶಾಲೆ ಮಕ್ಕಳಿಗೆ ಪುಕ್ಕಟೆ ತಿಂಡಿ ಕೊಡೋಕೆ ಶುರು ಮಾಡಿದ್ರು, ಆಮೇಲೆ ಪುಕ್ಕಟೆ ಕ್ಲಿನಿಕ್ ತೆರೆದ್ರು, ಸಿಕಲ್ ಸೆಲ್ ರೋಗದ ಪರೀಕ್ಷೆ ನಡೆಸಿದ್ರು. ಸರ್ಕಾರ ನೋಡ್ಕೊಳ್ಳಲ್ವಾ, ನಮ್ಮ ಮೈ ನಾವು ಉಳಿಸ್ಕೋತೀವಿ ಅನ್ನೋ ಹಟ ಅದು. ಕವಿ ಆಡ್ರಿ ಲಾರ್ಡ್ ಕ್ಯಾನ್ಸರ್ ಜೊತೆ ಬದುಕ್ತಾ 1988ರ ಪುಸ್ತಕದಲ್ಲಿ ತನ್ನ ಮೈಯ ಕಾಳಜಿಯನ್ನ ರಾಜಕೀಯ ಹೋರಾಟ ಅಂತಲೇ ಕರೆದರು. ಅಲ್ಲಿಂದ ಹೊರಟ ಮಾತು ಬೆಂಗಳೂರಿನ ಮಾಲಿಗೆ ಬರೋ ಹೊತ್ತಿಗೆ ಸುಗಂಧದ ಮೇಣದಬತ್ತಿ ಆಗಿದೆ.

‘ಹಾಗಾದ್ರೆ ಏನೂ ಮಾಡೋದು ಬೇಡ್ವಾ? ಸರ್ಕಾರ ಸರಿಹೋಗೋವರೆಗೂ ಹಲ್ಲುಜ್ಜದೆ ಕೂರೋದಾ?’ ಈ ಪ್ರಶ್ನೆ ಬರುತ್ತೆ ಅಂತ ಗೊತ್ತು. ನಾನು ಹಲ್ಲುಜ್ತೀನಿ, ಎರಡು ಹೊತ್ತೂ. ಶನಿವಾರ ತಲೆಗೆ ಎಣ್ಣೆ ಹಚ್ಕೊಂಡು ಬಿಸಿನೀರು ಹುಯ್ಕೋತೀನಿ, ಅದರ ಸುಖವೇ ಬೇರೆ, ಆಮೇಲಿನ ನಿದ್ದೆಯಂತೂ ಇನ್ನೂ. ಸಂಜೆ ಸಿಕ್ಕಷ್ಟು ನಡೀತೀನಿ. ಮೈಯನ್ನ ಚೆನ್ನಾಗಿ ನೋಡ್ಕೋಬೇಕು ಅನ್ನೋದರಲ್ಲಿ ಯಾರಿಗೆ ತಕರಾರು? ನನ್ನ ತಕರಾರು, ಹೆಂಗಸಿನ ಐದು ಗಂಟೆ, ನೌಕರನ ಹದಿಮೂರೂವರೆ ಗಂಟೆ, ಊರಿನ ನೀರು, ಇವು ಮೂರನ್ನೂ ಮುಟ್ಟದೆ ಉಳಿದ ಚೂರುಪಾರಿನಲ್ಲಿ ಆರೋಗ್ಯ ಮಾಡ್ಕೋ ಅನ್ನೋದಕ್ಕೆ. ಗಂಡಸು ದಿನಾ ರಾತ್ರಿ ಪಾತ್ರೆ ತೊಳೆದರೆ ಅವನ ಹೆಂಡತಿಗೆ ಯಾವ ‘ನನ್ನ ಸಮಯ’ದ ಲೇಖನವೂ ಬೇಕಾಗಲ್ಲ. ಇದನ್ನ ಯಾಕೆ ಯಾರೂ ಗಂಡಸರ ಪುಟದಲ್ಲಿ ಬರೆಯಲ್ಲ? ಗಂಡಸರ ಪುಟ ಅಂದ್ರೆ ಬೈಕಿನದ್ದು.

ಮನಸ್ಸಿನ ವಿಷಯವೂ ಅಷ್ಟೇ. ಬೇಜಾರು ಜಾಸ್ತಿ ಆದ್ರೆ ಡೈರಿ ಬರೀರಿ, ಕೃತಜ್ಞತೆಯ ಪಟ್ಟಿ ಮಾಡಿ ಅಂತ ಹೇಳೋ ಪುಟದಲ್ಲಿ 14416 ಅನ್ನೋ ನಂಬರನ್ನ ದಪ್ಪ ಅಕ್ಷರದಲ್ಲಿ ಹಾಕೋಕೆ ಎಷ್ಟು ಜಾಗ ಬೇಕು? ಟೆಲಿ ಮಾನಸ್, 2022ರ ಅಕ್ಟೋಬರಿನಿಂದ ಇದೆ, ಪುಕ್ಕಟೆ, ಕನ್ನಡದಲ್ಲೂ ಮಾತಾಡ್ತಾರೆ. ಹಳ್ಳಿಯ ಮನೋರೋಗಿಗೆ ಹಳ್ಳಿಯ ಹತ್ತಿರದಲ್ಲೇ ಚಿಕಿತ್ಸೆ ಕೊಡಬಹುದು ಅಂತ ದೇಶಕ್ಕೆ ತೋರಿಸಿಕೊಟ್ಟದ್ದೇ ನಮ್ಮ ನಿಮ್ಹಾನ್ಸಿನವರು, ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ, 1980ರ ದಶಕದಲ್ಲಿ. ಆ ಮಾದರಿ ಇಟ್ಕೊಂಡೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಗಿದ್ದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ವಿಮಾ ಕಂಪನಿಗಳು ಮೈಯ ಕಾಯಿಲೆಗೆ ಕೊಡೋ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ನಿಮ್ಮ ಆಫೀಸಿನ ವೆಲ್‌ನೆಸ್ ವಾರದಲ್ಲಿ ಎಚ್ಆರ್ ಮೇಡಂ ಪ್ರಶ್ನೆ ಇದ್ರೆ ಕೇಳಿ ಅಂದಾಗ ಇದನ್ನ ಕೇಳಿ, ನಮ್ಮ ಪಾಲಿಸಿಯಲ್ಲಿ ಎಷ್ಟಿದೆ ಅಂತ. ಜೊತೆಗೆ, ರಾತ್ರಿ ಎಂಟರ ಮೇಲಿನ ಕಾಲ್‌ಗೆ ಮರುದಿನ ಎಷ್ಟು ಗಂಟೆ ತಡವಾಗಿ ಬರಬಹುದು ಅಂತಲೂ ಕೇಳಿ. ಒಬ್ಬರೇ ಕೇಳ್ಬೇಡಿ, ಐದಾರು ಜನ ಸೇರಿ ಕೇಳಿ. ಒಬ್ಬನೇ ಕೇಳಿದ್ರೆ ಅವನಿಗೆ ಸ್ಟ್ರೆಸ್ ಜಾಸ್ತಿ ಆಗಿದೆ ಅಂತ ಕೌನ್ಸೆಲಿಂಗಿಗೆ ಕಳಿಸ್ತಾರೆ.

ಊರಿನೋರಿಗೂ ಒಂದು ಮಾತು, ಯಾಕಂದ್ರೆ ಹಬ್ಬಕ್ಕೆ ಊರಿಗೆ ಹೋಗೋ ನನ್ನಂಥ ಇಂಜಿನಿಯರುಗಳೇ ಇದನ್ನ ಓದ್ತಿರೋದು. ಜಲಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಯಲ್ಲಿ ಐದು ಜನ ಹೆಂಗಸರಿಗೆ ನೀರು ಪರೀಕ್ಷೆ ಮಾಡೋದನ್ನ ಕಲಿಸಬೇಕು, ಪಂಚಾಯ್ತಿಗೆ ಪರೀಕ್ಷೆಯ ಕಿಟ್ ಕೊಡಬೇಕು ಅಂತ ಇದೆ. ಈ ಸಲ ಊರಿಗೆ ಹೋದಾಗ ಅಮ್ಮನಿಗೆ ಮಾಯಿಶ್ಚರೈಸರ್ ತಗೊಂಡು ಹೋಗಿ, ಬೇಡ ಅನ್ನಲ್ಲ, ಅವರ ಹಿಮ್ಮಡಿ ಒಡೆದಿರುತ್ತೆ. ಹಂಗೇ ಪಂಚಾಯ್ತಿ ಆಫೀಸಿಗೂ ಒಂದು ಹೆಜ್ಜೆ ಹೋಗಿ ಬನ್ನಿ. ಆ ಐದು ಜನ ಯಾರು, ಕಿಟ್ ಎಲ್ಲಿದೆ, ನಮ್ಮ ಬೀದಿ ನಲ್ಲಿಯ ನೀರನ್ನ ಫ್ಲೋರೈಡಿಗೆ ಕೊನೇ ಸಲ ಪರೀಕ್ಷೆ ಮಾಡಿದ್ದು ಯಾವತ್ತು, ಎಷ್ಟು ಬಂತು, ಅಂಗನವಾಡಿ ಮಕ್ಕಳಿಗೆ ಅಡುಗೆ ಮಾಡೋದು ಯಾವ ನೀರಲ್ಲಿ ಅಂತ ಪಿಡಿಒ ಅವರನ್ನ ಕೇಳಿ. ಬಾಯಿಮಾತಲ್ಲಿ ಹೇಳಿದ್ರೆ ಒಪ್ಪಬೇಡಿ, ಬರಹದಲ್ಲಿ ಕೊಡಿ ಅನ್ನಿ.